ಎಂಆರ್‌ಐ ನಾರ್ಮಲ್ ಬಂದಿದೆ, ಆದರೂ ಅಪ್ಪನ ಲೆಕ್ಕ ತಪ್ಪುತ್ತದೆ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ನಮ್ಮ ತಂದೆಗೆ 54 ವರ್ಷ. ಒಂದೇ ಕಾಫಿ ಎಸ್ಟೇಟಿನಲ್ಲಿ 26 ವರ್ಷದಿಂದ ಹಾಜರಿ, ತೂಕದ ಲೆಕ್ಕ ಬರೆಯುವ ರೈಟರ್ ಆಗಿದ್ದಾರೆ. ಎರಡು ವರ್ಷದ ಹಿಂದೆ ಬೆಳಿಗ್ಗೆ ಹಾಜರಿ ಹಾಕಲು ಹೋಗುವಾಗ ಒಂಟಿ ಸಲಗ ಎದುರಾಯಿತು. ಜೊತೆಗಿದ್ದವರು ಇವರ ಕಣ್ಣೆದುರೇ ತೀರಿಕೊಂಡರು. ತಂದೆ ಅಗಳಿಗೆ ಬಿದ್ದು ಉಳಿದುಕೊಂಡರು. ಮೊದಲೆಲ್ಲ ಮೂವತ್ತು ಜನರ ಹಣ್ಣಿನ ತೂಕವನ್ನು ಬಾಯಿಲೆಕ್ಕದಲ್ಲೇ ಕೂಡಿ ಹೇಳುತ್ತಿದ್ದರು. ಈಗ ಕೂಗಿ ಹೇಳಿದ ತೂಕವನ್ನು ಪುಸ್ತಕಕ್ಕೆ ಬರೆಯುವಷ್ಟರಲ್ಲಿ ಮರೆಯುತ್ತಾರೆ. ಹಳೆಯ ವಿಷಯ ಒಂದೂ ಮರೆತಿಲ್ಲ. ರಾತ್ರಿ ನಿದ್ದೆಯಿಲ್ಲ, ಮೆಡಿಕಲ್ ಸ್ಟೋರಿನಿಂದ ಆಲ್‌ಪ್ರಜೋಲಾಮ್ ತಂದು ನುಂಗುತ್ತಾರೆ. ಹಾಸನದಲ್ಲಿ ತಲೆಯ ಎಂಆರ್‌ಐ ಮಾಡಿಸಿದೆವು, ನಾರ್ಮಲ್ ಅಂತ ಬಂತು. ಅದನ್ನು ನೋಡಿದ ಸಾಹುಕಾರರು ‘ಹಂಗಾದ್ರೆ ಇದೆಲ್ಲ ನಾಟಕ’ ಅಂದುಬಿಟ್ಟರು. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಿಡದೆ ಕಾಡುವ ಮನಸ್ಸಿನ ತೊಂದರೆ ಇರುವವರ ವರ್ಕಿಂಗ್ ಮೆಮೊರಿ ಕುಗ್ಗಿರುವುದು ಫಂಕ್ಷನಲ್ ಎಂಆರ್‌ಐಯಲ್ಲಿ ಕಾಣುತ್ತದೆ ಎಂದು ಕೇಳಿದ್ದೇನೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಅದನ್ನು ಮಾಡಿಸಿದರೆ ಸಾಬೀತಾಗುತ್ತದೆಯೇ? ಸಾಲ ಮಾಡಿಯಾದರೂ ಮಾಡಿಸುತ್ತೇನೆ.

ಉತ್ತರ:

ಸಾಲ ಮಾಡಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿದರೂ ಸರಿ, ಇದೊಂದನ್ನು ಮೊದಲು ಹೇಳಿಬಿಡುತ್ತೇನೆ. ನೀವು ಕೇಳಿದ ಸ್ಕ್ಯಾನ್ ನಿಮ್ಮ ತಂದೆಯ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ, ವಿರುದ್ಧವಾಗಿಯೂ ಹೇಳುವುದಿಲ್ಲ. ಹಾಗಂತ ಅಂಥ ಸ್ಕ್ಯಾನ್‌ಗಳಿಂದ ವೈದ್ಯರು ಕಲಿತದ್ದು ಕಡಿಮೆಯೇನಲ್ಲ. ನಿಮ್ಮ ಸಾಹುಕಾರರಿಗೆ ಕೊಡಬೇಕಾದ ಉತ್ತರ ಅದರಲ್ಲೇ ಇದೆ. ಪತ್ರ ಓದಿ ರೋಗ ಹೆಸರಿಸುವುದು ತಪ್ಪು, ಆದ್ದರಿಂದ ನಿಮ್ಮ ತಂದೆಗೆ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ಬರೆದ ವಿವರಗಳು ಎಷ್ಟು ಚೆನ್ನಾಗಿ ಹೊಂದುತ್ತವೆ ಎಂದು ತೋರಿಸಬಲ್ಲೆ.

ವರ್ಕಿಂಗ್ ಮೆಮೊರಿ ಎಂದರೇನು ಎಂಬಲ್ಲಿಂದ ಶುರು ಮಾಡೋಣ. ಪ್ರೈಮರಿ ಶಾಲೆಯಲ್ಲಿ ಕೂಡುವ ಲೆಕ್ಕ ಹೇಳಿಕೊಡುವಾಗ ಮೇಷ್ಟ್ರು ‘ಒಂಬತ್ತೂ ಎಂಟೂ ಹದಿನೇಳು, ಏಳು ಬರೆದು ಕೈಯಲ್ಲಿ ಒಂದು’ ಅನ್ನುತ್ತಿದ್ದರಲ್ಲ. ಆ ಒಂದು ಎಲ್ಲಿರುತ್ತಿತ್ತು? ಸ್ಲೇಟಿನ ಮೇಲೆ ಇರುತ್ತಿರಲಿಲ್ಲ. ಮುಂದಿನ ಸಾಲು ಕೂಡುವವರೆಗೆ ಅದನ್ನು ಹಿಡಿದುಕೊಂಡಿರಬೇಕು, ಕೂಡಿದ ಕೂಡಲೇ ಬಿಟ್ಟುಬಿಡಬೇಕು. ಬಿಡದಿದ್ದರೆ ಅದರ ಮುಂದಿನ ಸಾಲು ಕೆಡುತ್ತದೆ. ಹೀಗೆ ಹಿಡಿದುಕೊಂಡೇ ಅದರ ಮೇಲೆ ಕೆಲಸ ನಡೆಸುವ ಶಕ್ತಿಗೆ ನಾನು ಕೈನೆನಪು ಎನ್ನುತ್ತೇನೆ. ಕೈಸಾಲ ಇದ್ದ ಹಾಗೆ, ಸ್ವಲ್ಪ ಹೊತ್ತಿನದು, ಸ್ವಲ್ಪವೇ ಸಿಗುವಂಥದ್ದು. ಎಷ್ಟು ಸ್ವಲ್ಪ? 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಏಳರ ಆಸುಪಾಸು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಪರಿಷ್ಕರಿಸಿ, ಬಾಯಿಪಾಠದ ಸಹಾಯ ಇಲ್ಲದಿದ್ದರೆ ಸುಮಾರು ನಾಲ್ಕು ಎಂದರು. ನಾಲ್ಕೇ. ಎಂಥ ಬುದ್ಧಿವಂತರಿಗೂ ಬಂಡವಾಳ ಅಷ್ಟೇ.

ಅಷ್ಟಾವಧಾನ ನೋಡಿದ್ದರೆ ಇದು ಇನ್ನೂ ಸುಲಭವಾಗಿ ಅರ್ಥವಾಗುತ್ತದೆ. ಒಬ್ಬರು ಪದ್ಯದ ಕೊನೆಯ ಸಾಲನ್ನು ಸಮಸ್ಯೆಯಾಗಿ ಕೊಡುತ್ತಾರೆ, ಇನ್ನೊಬ್ಬರು ಪದ್ಯದಲ್ಲಿ ಬರಲೇಬೇಕಾದ ಪದಗಳನ್ನು ದತ್ತಪದಿಯಾಗಿ ಕೊಡುತ್ತಾರೆ, ಮಧ್ಯೆ ಮಧ್ಯೆ ಗಂಟೆ ಬಾರಿಸಿದ್ದನ್ನು ಅವಧಾನಿ ಮನಸ್ಸಿನಲ್ಲೇ ಎಣಿಸಿಟ್ಟುಕೊಂಡಿರಬೇಕು. ಇದೆಲ್ಲ ಸಾಲದು ಎಂದು ಅಪ್ರಸ್ತುತ ಪ್ರಸಂಗಕ್ಕೆ ಅಂತಲೇ ಒಬ್ಬರು ಕೂತಿರುತ್ತಾರೆ. ‘ಸ್ವಾಮೀ, ನಿಮ್ಮ ಮನೇಲಿ ಇವತ್ತು ಏನು ತಿಂಡಿ?’ ಎಂದು ಕೇಳಿ ಗಮನ ಕೆಡಿಸುವುದೇ ಅವರ ಕೆಲಸ. ಸಭೆ ನಗುತ್ತದೆ. ಆದರೆ ಅವಧಾನಿಯ ನಿಜವಾದ ಪರೀಕ್ಷೆ ಆ ಆಸನದಿಂದಲೇ ಬರುತ್ತದೆ ಎಂದು ನನ್ನ ಅನಿಸಿಕೆ. ನೆನಪಿಟ್ಟುಕೊಳ್ಳುವುದರ ಜೊತೆಗೆ ಬೇಡದ್ದನ್ನು ಬಾಗಿಲಾಚೆ ನಿಲ್ಲಿಸಬೇಕು. ಕೈನೆನಪಿನ ಅರ್ಧ ಕೆಲಸ ಹಿಡಿಯುವುದು, ಇನ್ನರ್ಧ ತಡೆಯುವುದು.

ಈಗ ಸಂಜೆ ನಾಲ್ಕೂವರೆಗೆ ನಿಮ್ಮ ತಂದೆ ತಕ್ಕಡಿಯ ಪಕ್ಕ ನಿಂತಿರುವುದನ್ನು ಊಹಿಸಿ. ಚೀಲ ಏರಿತು, ‘ನಲವತ್ಮೂರೂವರೆ’ ಎಂದು ಕೂಗಿದರು. ಚೀಲದ ತೂಕ ಕಳೆಯಬೇಕು. ಯಾರ ಹೆಸರು ಎಂದು ನೋಡಬೇಕು. ಆಕೆಯ ಬೆಳಗಿನ ತೂಕಕ್ಕೆ ಇದನ್ನು ಸೇರಿಸಬೇಕು. ಅಷ್ಟರಲ್ಲಿ ಇನ್ನೊಬ್ಬರು ಮುಂಗಡ ಕೇಳುತ್ತಾರೆ, ಮೇಸ್ತ್ರಿ ನಾಳೆ ಯಾವ ಬ್ಲಾಕ್ ಎಂದು ಕೇಳುತ್ತಾನೆ. ಇಷ್ಟನ್ನೂ 24 ವರ್ಷ ತಪ್ಪಿಲ್ಲದೆ ಮಾಡಿದ ಮನುಷ್ಯ ಒಂದು ಸಣ್ಣ ಅವಧಾನವನ್ನೇ ದಿನಾ ಮಾಡುತ್ತಿದ್ದರು ಎಂದರ್ಥ. ಅವರಿಗೀಗ ಒಬ್ಬ ಅಪ್ರಸ್ತುತ ಪ್ರಸಂಗಿ ಗಂಟುಬಿದ್ದಿದ್ದಾನೆ. ಬೇಲಿಯಾಚೆ ಕೊಂಬೆ ಮುರಿದ ಸದ್ದಾಯಿತಾ, ಗಾಳಿ ಯಾವ ಕಡೆಯಿಂದ ಬರುತ್ತಿದೆ, ಓಡುವುದಾದರೆ ಯಾವ ದಾರಿ ಎಂದು ಬಿಡದೆ ಕೇಳುತ್ತಾನೆ.

ಇದನ್ನು ಮಿದುಳಿನಲ್ಲಿ ನೋಡಿದವರು ಹೇಗೆ ನೋಡಿದರು? ನಿಮ್ಮ ತಂದೆಗೆ ಮಾಡಿಸಿದ್ದು ಮಿದುಳಿನ ಆಕಾರದ ಚಿತ್ರ. ಗೆಡ್ಡೆ, ರಕ್ತಸ್ರಾವ, ಹಳೆಯ ಪೆಟ್ಟಿನ ಗುರುತು ಇದ್ದರೆ ಕಾಣುತ್ತದೆ. ಅವು ಇಲ್ಲ ಎಂಬುದು ಒಳ್ಳೆಯ ಸುದ್ದಿ, ಆ ಮಟ್ಟಿಗೆ ಆ ದುಡ್ಡು ವ್ಯರ್ಥವಲ್ಲ. ಆದರೆ ತೋಟದ ಸರ್ವೆ ನಕ್ಷೆ ನೋಡಿ ಈ ವರ್ಷ ಹೂಮಳೆ ಬಂತೋ ಇಲ್ಲವೋ ಹೇಳಲು ಬರುತ್ತದೆಯೇ? ‘ನಾರ್ಮಲ್’ ಎಂಬ ಒಂದು ಪದದಿಂದ ಸಾಹುಕಾರರು ಮಾಡಿದ್ದು ಅದೇ.

ಫಂಕ್ಷನಲ್ ಎಂಆರ್‌ಐ ಯಂತ್ರ ಬೇರೆಯದಲ್ಲ, ಅದನ್ನು ಓಡಿಸುವ ರೀತಿ ಬೇರೆ. 1990ರಲ್ಲಿ ಸೇಜಿ ಒಗಾವಾ ಎಂಬ ವಿಜ್ಞಾನಿ ಮತ್ತವರ ಜೊತೆಗಾರರು ಒಂದು ಸಂಗತಿ ತೋರಿಸಿಕೊಟ್ಟರು. ಆಮ್ಲಜನಕ ಕಳೆದುಕೊಂಡ ರಕ್ತ ಅಯಸ್ಕಾಂತದ ಮುಂದೆ ಸ್ವಲ್ಪ ಬೇರೆ ರೀತಿ ವರ್ತಿಸುತ್ತದೆ. ಮಿದುಳಿನ ಒಂದು ಜಾಗ ದುಡಿಯತೊಡಗಿದರೆ ಅಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚೇ ಹೊಸ ರಕ್ತ ನುಗ್ಗುತ್ತದೆ, ಚಿತ್ರದಲ್ಲಿ ಆ ಜಾಗದ ಸಂಕೇತ ಚೂರು ಏರುತ್ತದೆ. ಇಲ್ಲಿ ಗಮನಿಸಬೇಕಾದ್ದು, ನೋಡುತ್ತಿರುವುದು ಯೋಚನೆಯನ್ನಲ್ಲ, ಯೋಚನೆಯ ಬೆನ್ನಿಗೆ ಹರಿದ ರಕ್ತವನ್ನು. ಅದೂ ಐದಾರು ಸೆಕೆಂಡು ತಡವಾಗಿ ತುತ್ತತುದಿ ಮುಟ್ಟುತ್ತದೆ. ಅದೂ ಒಂದೊಂದು ಹೆಸರುಕಾಳಿನಷ್ಟು ತುಣುಕಿನ ಲೆಕ್ಕದಲ್ಲಿ. ಅಂಥ ಒಂದು ತುಣುಕಿನೊಳಗೆ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಏರಿಳಿತವೂ ಶೇಕಡ ಒಂದರ ಆಜುಬಾಜು. ಪತ್ರಿಕೆಗಳಲ್ಲಿ ಕೆಂಪು ಹಳದಿಯಾಗಿ ಉರಿಯುವ ಮಿದುಳಿನ ಚಿತ್ರ ನೋಡಿ ಮೋಸಹೋಗಬಾರದು. ಆ ಬಣ್ಣ ಹಚ್ಚುವುದು ಲೆಕ್ಕಾಚಾರ ಮುಗಿದ ಮೇಲೆ.

ಸುರಂಗದೊಳಗೆ ಮಲಗಿಸಿ ಕೊಡುವ ಆಟಕ್ಕೆ ಎನ್-ಬ್ಯಾಕ್ ಎಂದು ಹೆಸರು. ಕನ್ನಡದಲ್ಲಿ ಆಡಿ ನೋಡಿ. ಎರಡು ಸೆಕೆಂಡಿಗೊಂದು ಅಕ್ಷರ ಕಾಣಿಸುತ್ತದೆ. ಈಗ ಕಂಡದ್ದು ಎರಡು ಅಕ್ಷರದ ಹಿಂದೆ ಕಂಡದ್ದೇ ಆಗಿದ್ದರೆ ಗುಂಡಿ ಒತ್ತಬೇಕು. ಕ, ಮ, ಸ, ಮ. ಒತ್ತಿ. ಪ್ರತಿ ಸಲ ಹೊಸದನ್ನು ಒಳಗೆ ಹಾಕಿಕೊಳ್ಳಬೇಕು, ಹಳೆಯದನ್ನು ಹೊರಗೆ ತಳ್ಳಬೇಕು, ಮಧ್ಯದ್ದನ್ನು ಹಿಡಿದಿರಬೇಕು. ನಾನೂ ಒಮ್ಮೆ ಆ ಸುರಂಗದಲ್ಲಿ ಮಲಗಿ ಆಡಿದ್ದೇನೆ. ಪಲ್ಪರ್ ಮನೆಯೊಳಗೆ ತಲೆಯಿಟ್ಟು ಮಲಗಿದಷ್ಟು ಗದ್ದಲ. ಮೂರು ಹಿಂದಿನದಕ್ಕೆ ಬಂದಾಗ ನಾನು ಬರೀ ಊಹೆಯ ಮೇಲೆ ಗುಂಡಿ ಒತ್ತುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಒಂದು ಸಲ ಸುಲಭದ ಆಟ, ಇನ್ನೊಂದು ಸಲ ಕಷ್ಟದ ಆಟ, ಕಷ್ಟದ್ದರಿಂದ ಸುಲಭದ್ದನ್ನು ಕಳೆದರೆ ಉಳಿಯುವುದೇ ಕೈನೆನಪಿನ ಚಿತ್ರ ಎಂಬುದು ಲೆಕ್ಕ. ಆರೋಗ್ಯವಂತರಲ್ಲಿ ಹೀಗೆ ಕಳೆದಾಗ ಹಣೆಯ ಮೇಲ್ಭಾಗದಲ್ಲಿ, ಕೂದಲು ಹುಟ್ಟುವ ಗೆರೆಯ ಒಳಗಡೆ ಎರಡೂ ಪಕ್ಕಕ್ಕೆ ಇರುವ ಜಾಗ ಎದ್ದು ಕಾಣುತ್ತದೆ. ಜೊತೆಗೆ ನೆತ್ತಿಯ ಹಿಂದಿನ ಪಕ್ಕಗಳೂ ಕಾಣುತ್ತವೆ. ಮೊದಲನೆಯದನ್ನು ಸದ್ಯಕ್ಕೆ ಮುಮ್ಮಿದುಳು ಎನ್ನೋಣ. ಇದೇ ಸಮಯಕ್ಕೆ ಇನ್ನೊಂದು ಬಳಗ ಸುಮ್ಮನಾಗುತ್ತದೆ. ನಾವು ಏನೂ ಮಾಡದೆ ಕೂತಾಗ, ಹಳೆಯದನ್ನು ಮೆಲುಕು ಹಾಕುವಾಗ, ನಮ್ಮ ಬಗ್ಗೆಯೇ ಯೋಚಿಸುವಾಗ ಚುರುಕಾಗುವ ಬಳಗ ಅದು. 2001ರಲ್ಲಿ ಮಾರ್ಕಸ್ ರೈಕ್ಲ್ ಮತ್ತವರ ಸಂಗಡಿಗರು ಇದನ್ನು ಮಿದುಳಿನ ಡೀಫಾಲ್ಟ್ ಸ್ಥಿತಿ ಎಂದು ಕರೆದರು. ನಾನು ಜಗಲಿ ಬಳಗ ಎನ್ನುತ್ತೇನೆ. ಒಳಗೆ ಕೆಲಸ ಶುರುವಾದರೆ ಜಗಲಿಯ ಹರಟೆ ನಿಲ್ಲಬೇಕು.

ಪಿಟಿಎಸ್‌ಡಿ ಇರುವವರಲ್ಲಿ ಏನು ಕಂಡಿತು? ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಬಿಡದೆ ಉಳಿಯುವ ತೊಂದರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿತು. ಬೇಡವೆಂದರೂ ನುಗ್ಗುವ ನೆನಪು, ಆ ಜಾಗ ಆ ಮಾತು ತಪ್ಪಿಸಿಕೊಳ್ಳುವುದು, ಮನಸ್ಸು ಮಂಕಾಗುವುದು, ಸದಾ ಎಚ್ಚರದಲ್ಲಿ ಬೆಚ್ಚುತ್ತಿರುವುದು, ಇವೆಲ್ಲ ಒಂದು ತಿಂಗಳಿಗಿಂತ ಹೆಚ್ಚು ಉಳಿದು ಬದುಕಿಗೆ ಅಡ್ಡಿಯಾದರೆ ಆ ಹೆಸರು. ಗಮನ ನಿಲ್ಲದಿರುವುದು ಅದರ ಅಧಿಕೃತ ಲಕ್ಷಣಗಳಲ್ಲೇ ಒಂದು. ‘ಮರೆವು ಬೇರೆ, ಹೆದರಿಕೆ ಬೇರೆ’ ಎನ್ನುವವರಿಗೆ ಇದು ಗೊತ್ತಿರುವುದಿಲ್ಲ.

ಬರೀ ಅಕ್ಷರ, ಬರೀ ಅಂಕಿ ಕೊಟ್ಟ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿಗಿಲ್ಲ. ಕೆಲವದರಲ್ಲಿ ಮುಮ್ಮಿದುಳು ಕಡಿಮೆ ದುಡಿದಂತೆ ಕಂಡಿತು. ಇನ್ನು ಕೆಲವದರಲ್ಲಿ ಅದೇ ಅಂಕ ಗಳಿಸಲು ಹೆಚ್ಚು ದುಡಿದಂತೆ ಕಂಡಿತು. ಎರಡನ್ನೂ ‘ದೋಷ’ ಎಂದೇ ಬರೆದ ಲೇಖನಗಳನ್ನು ಓದುವಾಗ ನನಗೆ ನಗು ಬರುತ್ತದೆ. ಹೆಚ್ಚಾದರೂ ರೋಗ, ಕಡಿಮೆಯಾದರೂ ರೋಗ ಎನ್ನುವುದಾದರೆ ಅಳೆಯುವುದು ಯಾಕೆ? ಆದರೆ ಎರಡು ಬಗೆಯ ಕೆಲಸ ನನಗೆ ನಂಬಿಕೆ ಹುಟ್ಟಿಸಿವೆ, ಯಾಕೆಂದರೆ ಅವು ಹೊರರೋಗಿ ಕೋಣೆಯಲ್ಲಿ ಕೇಳುವ ಮಾತಿಗೆ ಹೊಂದುತ್ತವೆ.

ಮೊದಲನೆಯದು 2009ರಲ್ಲಿ ಪ್ರಕಟವಾದದ್ದು. 2001ರ ನಂತರದ ಯುದ್ಧಗಳಿಗೆ ಹೋಗಿಬಂದ ಅಮೆರಿಕದ ಸೈನಿಕರಿಗೆ ಕೆಲವು ಮುಖಗಳನ್ನು ತೋರಿಸಿ ನೆನಪಿಟ್ಟುಕೊಳ್ಳಲು ಹೇಳಿದರು. ಆ ನಡುವಿನ ಕೆಲವೇ ಸೆಕೆಂಡುಗಳಲ್ಲಿ ಅಡ್ಡಿಯಾಗಿ ಬೇರೆ ಚಿತ್ರ ಹಾಯಿಸಿದರು, ಕೆಲವು ಯುದ್ಧದ್ದು, ಕೆಲವು ನಿರುಪದ್ರವಿ. ಅಪ್ರಸ್ತುತ ಪ್ರಸಂಗವನ್ನು ಯಂತ್ರದೊಳಗೆ ತಂದರೆಂದು ಇಟ್ಟುಕೊಳ್ಳಿ. ಪಿಟಿಎಸ್‌ಡಿ ಇದ್ದವರಲ್ಲಿ ಯುದ್ಧದ ಚಿತ್ರ ಬಂದಾಗ ಅಮಿಗ್ಡಲಾ ಹೆಚ್ಚು ಎದ್ದಿತು. ಕಿವಿಯ ನೇರಕ್ಕೆ ಒಳಗಡೆ ಬಾದಾಮಿ ಆಕಾರದಲ್ಲಿ ಕೂತಿರುವ, ಅಪಾಯದ ವಾಸನೆ ಹಿಡಿಯುವ ಭಾಗ ಅದು. ಅದು ನಿರೀಕ್ಷಿತವೇ. ನಿರೀಕ್ಷಿಸದೇ ಇದ್ದದ್ದೆಂದರೆ, ನೆನಪು ಹಿಡಿದಿಡುವ ಮುಮ್ಮಿದುಳಿನ ಕೆಲಸ ನಿರುಪದ್ರವಿ ಚಿತ್ರಕ್ಕೂ ಕದಡಿತು. ಅಂದರೆ ಆನೆಯ ಚಿತ್ರವೇ ಬೇಕಿಲ್ಲ, ಬಾಗಿಲು ತಟ್ಟಿದವರು ಯಾರೇ ಆದರೂ ಕಾವಲುಗಾರ ಎದ್ದು ಹೋಗುತ್ತಾನೆ. ನಿಮ್ಮ ತಂದೆ ಮುಂಗಡ ಕೇಳಿದವರ ಮೇಲೂ ರೇಗುತ್ತಾರೆಯೇ ಎಂದು ನೀವು ಬರೆದಿಲ್ಲ. ರೇಗುತ್ತಿದ್ದರೆ ನನಗೆ ಆಶ್ಚರ್ಯವಿಲ್ಲ.

ಎರಡನೆಯದು ಕೆನಡಾದ್ದು, 2010ರದ್ದು. ಬಾಲ್ಯದಲ್ಲಿ ದೀರ್ಘಕಾಲ ಆಘಾತ ಕಂಡವರನ್ನು ಕೈನೆನಪಿನ ಆಟ ಆಡುವಾಗ ನೋಡಿದರು. ಯಾವ ಜಾಗ ಎಷ್ಟು ಉರಿಯಿತು ಎನ್ನುವುದಕ್ಕಿಂತ ಯಾವ ಜಾಗ ಯಾವುದರ ಜೊತೆ ಹೆಜ್ಜೆ ಹಾಕಿತು ಎಂದು ಗಮನಿಸಿದರು. ಉಳಿದವರಲ್ಲಿ ಆಟ ಶುರುವಾದ ಕೂಡಲೇ ಕೆಲಸದ ಬಳಗ ಒಟ್ಟಾಯಿತು. ಪಿಟಿಎಸ್‌ಡಿ ಇದ್ದವರಲ್ಲಿ ಆಟದ ನಡುವೆಯೂ ಜಗಲಿ ಬಳಗದ ಕೊಂಡಿಯೇ ಬಲವಾಗಿತ್ತು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಗೇರ್ ಬದಲಾಗಲಿಲ್ಲ. ಗುಂಪು ಸಣ್ಣದು, ಆ ಮಾತಿಗೆ ಆಮೇಲೆ ಬರುತ್ತೇನೆ.

ಹಾಗಾದರೆ ಗೇರ್ ಹಿಡಿದುಕೊಂಡಿರುವುದು ಏನು? ಇಲ್ಲಿ ಸ್ಕ್ಯಾನ್ ಬಿಟ್ಟು ಮಂಗಗಳ ಪ್ರಯೋಗಶಾಲೆಗೆ ಹೋಗಬೇಕು. ಯೇಲ್ ವಿಶ್ವವಿದ್ಯಾಲಯದಲ್ಲಿ ಪೆಟ್ರೀಶಿಯಾ ಗೋಲ್ಡ್‌ಮನ್-ರಾಕಿಕ್ ಮುಮ್ಮಿದುಳಿನ ಕೆಲವು ನರಕೋಶಗಳನ್ನು ಅಭ್ಯಾಸ ಮಾಡಿದರು. ಗುರುತು ಮಾಯವಾದ ಮೇಲೂ, ಉತ್ತರ ಕೊಡುವವರೆಗೂ ಇವು ಸದ್ದು ನಿಲ್ಲಿಸುವುದಿಲ್ಲ. ‘ಕೈಯಲ್ಲಿ ಒಂದು’ ಇರುವ ಜಾಗ ಅದೇ. ಅಲ್ಲೇ ಆಮಿ ಆರ್ನ್‌ಸ್ಟನ್ ಮುಂದುವರಿಸಿದ ಕೆಲಸದ ಪ್ರಕಾರ, ನಾರ್ ಅಡ್ರಿನಲಿನ್ ಎಂಬ ರಾಸಾಯನಿಕ ಹದವಾಗಿದ್ದರೆ ಈ ಕೋಶಗಳ ಹಿಡಿತ ಚೆನ್ನಾಗಿರುತ್ತದೆ, ತೀರಾ ಕಡಿಮೆಯಾದರೆ ತೂಕಡಿಕೆ, ಅತಿಯಾದರೆ ಬಳಗದ ಕೊಂಡಿಗಳೇ ಕಳಚುತ್ತವೆ. ಕಾಫಿ ಗಿಡಕ್ಕೆ ನೆರಳಿನ ಹಾಗೆ, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅತಿಯಾದಾಗ ಅದೇ ರಾಸಾಯನಿಕ ಅಮಿಗ್ಡಲಾವನ್ನು ಮಾತ್ರ ಗಟ್ಟಿ ಮಾಡುತ್ತದೆ. ಸಲಗ ಎದುರಿಗೆ ನಿಂತಾಗ ಕೂಡುವ ಲೆಕ್ಕ ಬೇಕಾಗಿಲ್ಲವಲ್ಲ, ಕಾಲಿಗೆ ಬುದ್ಧಿ ಹೇಳಬೇಕು. ಆ ಹೊತ್ತಿಗೆ ಇದು ಜೀವ ಉಳಿಸುವ ಏರ್ಪಾಡು, ನಿಮ್ಮ ತಂದೆಯನ್ನು ಅಗಳಿಗೆ ತಳ್ಳಿ ಉಳಿಸಿದ್ದೂ ಇದೇ ಇರಬಹುದು. ತೊಂದರೆ ಎಂದರೆ ಎರಡು ವರ್ಷವಾದರೂ ಆ ಏರ್ಪಾಡು ಕರ್ತವ್ಯ ಬಿಟ್ಟು ಮನೆಗೆ ಹೋಗಿಲ್ಲ.

ಇಲ್ಲಿ ನಮ್ಮ ಮಲೆನಾಡಿನ ಒಂದು ಮಾತು ಹೇಳಲೇಬೇಕು, ಪಾಶ್ಚಾತ್ಯ ಪುಸ್ತಕಗಳು ಇದನ್ನು ಅಷ್ಟಾಗಿ ಯೋಚಿಸಿದಂತಿಲ್ಲ. ಆ ಸೈನಿಕ ಯುದ್ಧ ಮುಗಿಸಿ ಸಾವಿರಾರು ಮೈಲಿ ದೂರದ ಮನೆಗೆ ಬಂದಿದ್ದಾನೆ. ‘ಅಪಾಯ ಕಳೆದಿದೆ, ನಿನ್ನ ಮಿದುಳು ಅದನ್ನು ಒಪ್ಪುತ್ತಿಲ್ಲ’ ಎಂದು ಅವನಿಗೆ ಹೇಳಬಹುದು. ನಿಮ್ಮ ತಂದೆಗೆ ಹಾಗೆ ಹೇಳಿದರೆ ಅದು ಸುಳ್ಳು. ಆನೆ ಇನ್ನೂ ಅದೇ ತೋಟದಲ್ಲಿ ಓಡಾಡುತ್ತಿದೆ. ಬೆಳಿಗ್ಗೆ ಏಳುವಾಗಲೇ ಮೊಬೈಲಿಗೆ ‘ಇಂಥ ಎಸ್ಟೇಟಿನಲ್ಲಿ ಕಾಡಾನೆ ಇದೆ, ಎಚ್ಚರ’ ಎಂಬ ಸಂದೇಶ ಬಂದಿರುತ್ತದೆ. ಅದೇ ಕಾರಣಕ್ಕೆ ಹಾಸನ, ಚಿಕ್ಕಮಗಳೂರು, ಕೊಡಗಿನಲ್ಲಿ ಅರಣ್ಯ ಇಲಾಖೆ ಆನೆ ಕಾರ್ಯಪಡೆಯನ್ನೇ ಮಾಡಿದೆ. ಆದ್ದರಿಂದ ಅವರ ಎಚ್ಚರವನ್ನು ಹುಚ್ಚು ಎನ್ನುವಂತಿಲ್ಲ. ಚಿಕಿತ್ಸೆಯ ಗುರಿ ಆ ಎಚ್ಚರವನ್ನು ತೆಗೆಯುವುದಾಗಬಾರದು, ಅದಕ್ಕೆ ಹೊತ್ತುಗೊತ್ತು ಕಲಿಸುವುದಾಗಬೇಕು. ಮುಂಜಾನೆ ಮಂಜಿನಲ್ಲಿ ಬ್ಲಾಕಿನೊಳಗೆ ಇರಲಿ. ಕಣದ ಪಕ್ಕದ ಶೆಡ್ಡಿನಲ್ಲಿ, ದೀಪದ ಕೆಳಗೆ, ಇಪ್ಪತ್ತು ಜನರ ನಡುವೆ ಬೇಡ. ಒಣಗಿದ ಸಿಲ್ವರ್ ಓಕ್ ಕೊಂಬೆ ಬಿದ್ದ ಸದ್ದಿಗೂ ಆನೆ ಮುರಿದ ಕೊಂಬೆಯ ಸದ್ದಿಗೂ ಇರುವ ವ್ಯತ್ಯಾಸ ಅವರಿಗೆ ಮೊದಲು ಗೊತ್ತಿತ್ತು. ಅದು ಮತ್ತೆ ಗೊತ್ತಾಗುವ ಹಾಗೆ ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಸ್ಕ್ಯಾನ್ ಬೇಡ ಎನ್ನುವುದು ಯಾಕೆ? ನಾನು ಹೇಳಿದ ಪ್ರತಿಯೊಂದೂ ಗುಂಪಿನ ಸರಾಸರಿ. ಇಪ್ಪತ್ತು ಜನ ಇತ್ತ, ಇಪ್ಪತ್ತು ಜನ ಅತ್ತ, ಕೂಡಿ ಭಾಗಿಸಿದಾಗ ಒಂದು ವ್ಯತ್ಯಾಸ. ಒಳಗೆ ಇಣುಕಿದರೆ ಎರಡೂ ಗುಂಪು ಒಂದರ ಮೇಲೊಂದು ಬಿದ್ದಿರುತ್ತವೆ. ಹಾಸನದವರಿಗಿಂತ ಸಕಲೇಶಪುರದವರು ಸರಾಸರಿ ಒಂದು ಕಪ್ ಕಾಫಿ ಹೆಚ್ಚು ಕುಡಿಯುತ್ತಾರೆ ಎಂದು ಗೊತ್ತಾದರೂ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಿರುವವರು ಯಾವ ಊರಿನವರು ಎಂದು ಹೇಳಲು ಬಾರದು. ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗದ ಕಥೆಯೂ ಹೀಗೆಯೇ. 2018ರಲ್ಲಿ ಹಲವು ಕೇಂದ್ರಗಳ 1,800ಕ್ಕೂ ಹೆಚ್ಚು ಜನರ ಸ್ಕ್ಯಾನ್ ಒಟ್ಟುಹಾಕಿದಾಗ ಪಿಟಿಎಸ್‌ಡಿ ಇದ್ದವರಲ್ಲಿ ಅದು ಸರಾಸರಿ ಚಿಕ್ಕದಾಗಿತ್ತು, ಅಷ್ಟು ಜನ ಸೇರಿದರೆ ಮಾತ್ರ ಖಚಿತವಾಗಿ ಕಾಣುವಷ್ಟು ಸಣ್ಣ ವ್ಯತ್ಯಾಸ. ಅದಕ್ಕೂ ಮೊದಲು, 2002ರಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೋದವರನ್ನೂ ಮನೆಯಲ್ಲೇ ಉಳಿದ ಅವರ ತದ್ರೂಪಿ ಅವಳಿಗಳನ್ನೂ ನೋಡಿದ ಅಧ್ಯಯನ ಇನ್ನೊಂದು ತೊಡಕು ಹಾಕಿತ್ತು. ರೋಗ ಬಂದವನ ಹಿಪ್ಪೊಕ್ಯಾಂಪಸ್ ಚಿಕ್ಕದಿದ್ದರೆ, ಯುದ್ಧವನ್ನೇ ನೋಡದ ಅವನ ಅವಳಿಯದೂ ಚಿಕ್ಕದೇ! ಹಾಗಾದರೆ ಆಘಾತ ಅದನ್ನು ಕುಗ್ಗಿಸಿತೋ, ಚಿಕ್ಕದಿದ್ದವರಿಗೆ ಆಘಾತ ಹೆಚ್ಚು ತಟ್ಟಿತೋ? ಒಬ್ಬ ಮನುಷ್ಯನ ಒಂದು ಸ್ಕ್ಯಾನ್ ಇದನ್ನು ಹೇಳಲಾರದು.

ಈ ಕ್ಷೇತ್ರದವರು ತಮ್ಮ ತಪ್ಪನ್ನು ತಾವೇ ಹುಡುಕಿಕೊಂಡಿದ್ದಾರೆ ಎಂಬುದು ಅವರ ದೊಡ್ಡತನ. 2009ರಲ್ಲಿ ಕೆಲವರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಫೋಟೋ ತೋರಿಸಿದರು. ಸಾವಿರಾರು ತುಣುಕುಗಳಿಗೆ ಒಟ್ಟಿಗೇ ಲೆಕ್ಕ ಹಾಕುವಾಗ ತಗಲುವ ಆಕಸ್ಮಿಕವನ್ನು ಕಳೆಯದಿದ್ದರೆ ಸತ್ತ ಮೀನಿನ ಮಿದುಳೂ ‘ಯೋಚಿಸಿದಂತೆ’ ಕಂಡಿತು. ಮನೆಯಲ್ಲಿ ಈ ಕಥೆ ಹೇಳಿದಾಗ ನಮ್ಮಮ್ಮ, ‘ಸಾರಿಗೆ ಹಾಕೋದು ಬಿಟ್ಟು ಇದೇನು ಮಾಡ್ತಾರೆ’ ಅಂದಿದ್ದರು. 2020ರಲ್ಲಿ ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆ ಕೇಳಿದರು. ಎಲ್ಲರೂ ಒಂದೇ ರೀತಿ ಲೆಕ್ಕ ಮಾಡಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರಗಳೂ ಬೇರೆ ಬೇರೆ ಬಂದವು. 2022ರಲ್ಲಿ ಬಂದ ಇನ್ನೊಂದು ದೊಡ್ಡ ವಿಶ್ಲೇಷಣೆ, ಜನರ ನಡುವಿನ ವ್ಯತ್ಯಾಸವನ್ನು ಮಿದುಳಿನ ಚಿತ್ರದೊಂದಿಗೆ ಹೊಂದಿಸಲು ಸಾವಿರಾರು ಜನ ಬೇಕು ಎಂದಿತು. ಪಿಟಿಎಸ್‌ಡಿ ಅಧ್ಯಯನಗಳ ಗುಂಪುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಇನ್ನೂ ಒಂದಿದೆ. ಆ ಇಕ್ಕಟ್ಟು, ಆ ಸದ್ದು ತಡೆಯಲಾರದೆ ಎದ್ದುಬಂದವರು ಅಧ್ಯಯನದಲ್ಲಿ ಉಳಿಯುವುದೇ ಇಲ್ಲ. ಅಂದರೆ ಅತಿ ಹೆಚ್ಚು ಬೆಚ್ಚುವವರ ಮಿದುಳು ಈ ಚಿತ್ರಗಳಲ್ಲಿ ಕಡಿಮೆ ಇದೆ.

ಆಸ್ಪತ್ರೆಗಳಲ್ಲಿ ಫಂಕ್ಷನಲ್ ಎಂಆರ್‌ಐ ಬಳಕೆಯಾಗುವುದು ಮುಖ್ಯವಾಗಿ ಮಿದುಳಿನ ಆಪರೇಷನ್‌ಗೆ ಮೊದಲು, ಮಾತಿನ ಜಾಗ, ಕೈಯಾಡಿಸುವ ಜಾಗ ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಲು. ಪಿಟಿಎಸ್‌ಡಿ ಗುರುತಿಸಲು ಅಲ್ಲ. ಅದನ್ನು ಗುರುತಿಸುವುದು ಕೂತು ಮಾತಾಡಿ. ಬೇಕಿದ್ದರೆ 20 ಪ್ರಶ್ನೆಗಳ ಪಿಸಿಎಲ್-5 ಎಂಬ ಪಟ್ಟಿ ಇಟ್ಟುಕೊಂಡು. ಸಾಹುಕಾರರಿಗೆ ಕಾಗದವೇ ಬೇಕೆಂದರೆ ಮನೋವೈದ್ಯರು ಪರೀಕ್ಷಿಸಿ ಬರೆದ ಪತ್ರಕ್ಕಿಂತ ದೊಡ್ಡ ಕಾಗದ ಇಲ್ಲ.

ನಾಟಕದ ವಿಷಯಕ್ಕೆ ಬರೋಣ. ಮರೆವು ನಟಿಸುವವರನ್ನು ನಾನು ನೋಡಿದ್ದೇನೆ. ಅವರು ಎಲ್ಲವನ್ನೂ ಮರೆಯುತ್ತಾರೆ, ಮಗಳ ಹೆಸರನ್ನೂ. ಸುಲಭದ್ದರಲ್ಲೇ ಹೆಚ್ಚು ತಪ್ಪು ಮಾಡುತ್ತಾರೆ. ನಿಮ್ಮ ತಂದೆಯ ಮರೆವಿಗೆ ಒಂದು ಆಕಾರ ಇದೆ. ಹಳೆಯದು ಗಟ್ಟಿ, ಕೈಯಲ್ಲಿದ್ದದ್ದು ಮಾತ್ರ ಜಾರುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು, ಪರೀಕ್ಷೆ ಎಂದು ಹೇಳದೆ. ಸೆಕೆಂಡಿಗೊಂದರಂತೆ ಐದು ಅಂಕಿ ಹೇಳಿ, ಹಾಗೇ ಹೇಳಲು ಹೇಳಿ. ಆಮೇಲೆ ಬೇರೆ ನಾಲ್ಕು ಅಂಕಿ ಹೇಳಿ ಹಿಂದುಮುಂದಾಗಿ ಹೇಳಲು ಹೇಳಿ. ಮನೆಯ ನಡುಮನೆಯಲ್ಲಿ ಒಮ್ಮೆ, ಸಂಜೆ ತೋಟದ ಗೇಟಿನ ಹತ್ತಿರ ಒಮ್ಮೆ. ನೇರ ಹೇಳುವುದು ಸರಿಯಿದ್ದು ತಿರುಗಿಸಿ ಹೇಳುವುದು, ಅದರಲ್ಲೂ ಗೇಟಿನ ಹತ್ತಿರ, ಕೆಡುತ್ತಿದ್ದರೆ ಬರೆದಿಟ್ಟುಕೊಳ್ಳಿ. ವೈದ್ಯರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಆದರೆ ಎಲ್ಲವನ್ನೂ ಆನೆಯ ತಲೆಗೆ ಕಟ್ಟಬೇಡಿ. 54ರ ವಯಸ್ಸಿನಲ್ಲಿ ಥೈರಾಯ್ಡ್, ಬಿ12, ಸಕ್ಕರೆ ನೋಡಲೇಬೇಕು. ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುತ್ತದೆಯೇ, ಕುಡಿತ ಇದೆಯೇ, ಖಿನ್ನತೆ ಇದೆಯೇ ಎಂಬುದೂ ಮುಖ್ಯ. ಅಗಳಿಗೆ ಬಿದ್ದಾಗ ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿತ್ತೇ ಎಂದು ಕೇಳಿ ತಿಳಿದುಕೊಳ್ಳಿ. ಎಂಆರ್‌ಐ ಶುಭ್ರವಾಗಿದ್ದರೂ ಲಘು ಪೆಟ್ಟು ಆಗಿರಬಹುದು. ಎಲ್ಲಕ್ಕಿಂತ ಮೊದಲು ಆ ಆಲ್‌ಪ್ರಜೋಲಾಮ್. ಚೀಟಿಯಿಲ್ಲದೆ ಅದನ್ನು ಕೊಟ್ಟ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ನೆನಪನ್ನು ಮಂಕು ಮಾಡುವ ಮಾತ್ರೆ ಅದು, ರೂಢಿಯಾಗುತ್ತದೆ, ಪಿಟಿಎಸ್‌ಡಿಗೆ ಅದನ್ನು ಶಿಫಾರಸು ಮಾಡುವುದೂ ಇಲ್ಲ. ಹಾಗಂತ ಇವತ್ತೇ ಕಿತ್ತು ಬಿಸಾಡಬೇಡಿ. ದಿನಾ ತಿನ್ನುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ವಾರವಾರಕ್ಕೆ ಇಳಿಸಬೇಕು. ತೂಕ ಮರೆಯುವುದರಲ್ಲಿ ಈ ಮಾತ್ರೆಯ ಪಾಲು ಎಷ್ಟು ಎಂಬುದು ಇಳಿಸಿದ ಮೇಲಷ್ಟೇ ಗೊತ್ತಾಗುವುದು.

ಚಿಕಿತ್ಸೆಯಲ್ಲಿ ಮಾತಿನದ್ದೇ ಮೇಲುಗೈ. ಆ ಬೆಳಗಿನ ಘಟನೆಯನ್ನು ತರಬೇತಿಯಾದವರ ಎದುರು ಹಂತಹಂತವಾಗಿ ಎದುರಿಸುವ ಕ್ರಮಗಳಿವೆ, ಸಾಮಾನ್ಯವಾಗಿ 8ರಿಂದ 15 ಭೇಟಿ. ಅದರಲ್ಲಿ ಇಎಂಡಿಆರ್ ಎಂಬ ಬಗೆಯಲ್ಲಿ, ಘಟನೆಯನ್ನು ನೆನೆಯುತ್ತಲೇ ಎಡಕ್ಕೂ ಬಲಕ್ಕೂ ಆಡುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಮೊದಲು ಇದು ನನಗೆ ದೃಷ್ಟಿ ತೆಗೆದ ಹಾಗೆ ಕಂಡಿತ್ತು. ಅದರ ಹಿಂದಿನ ವಿವರಣೆಗಳಲ್ಲಿ ಬಲವಾದದ್ದು ನಮ್ಮ ವಿಷಯಕ್ಕೇ ತಿರುಗಿ ಬರುತ್ತದೆ. ಕೈನೆನಪಿನ ಜಾಗ ನಾಲ್ಕೇ. ಬೆರಳು ಎರಡನ್ನು ಕಿತ್ತುಕೊಂಡರೆ ಭಯದ ಚಿತ್ರಕ್ಕೆ ಪೂರ್ತಿ ಹರಡಿಕೊಳ್ಳಲು ಜಾಗ ಸಿಗುವುದಿಲ್ಲ, ಮಂಕಾಗಿ ಬರುತ್ತದೆ, ಮಂಕಾಗಿಯೇ ಮತ್ತೆ ಒಳಗೆ ಹೋಗುತ್ತದೆ. ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ರಸ್ತೆ ಅಪಘಾತದವರಿಗೆ ಆರು ಗಂಟೆಯೊಳಗೆ ಘಟನೆ ನೆನಪಿಸಿ ಟೆಟ್ರಿಸ್ ಆಟ ಆಡಿಸಿದಾಗ ಮುಂದಿನ ವಾರ ನುಗ್ಗುವ ನೆನಪುಗಳು ಕಡಿಮೆಯಾದದ್ದೂ ಇದೇ ತರ್ಕದ ಮೇಲೆ. ಎರಡು ವರ್ಷದ ಹಳೆಯ ಗಾಯಕ್ಕೆ ಮೊಬೈಲ್ ಆಟ ಮದ್ದೆಂದು ಮಾತ್ರ ತಿಳಿಯಬೇಡಿ. ಮಾತ್ರೆಗಳಲ್ಲಿ ಸರ್ಟ್ರಲೀನ್, ಪರಾಕ್ಸಿಟೀನ್‌ಗಳಿಗೆ ಆಧಾರ ಚೆನ್ನಾಗಿದೆ. ಕೆಟ್ಟ ಕನಸಿಗೆ ಪ್ರಜೋಸಿನ್ ಕೊಡುವುದುಂಟು, ಆದರೆ 2018ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ ಅದು ಹುಸಿಮಾತ್ರೆಗಿಂತ ಮೇಲಾಗಲಿಲ್ಲ.

ಇದಕ್ಕೆ ಬೆಂಗಳೂರು ಮೊದಲ ಮೆಟ್ಟಿಲಲ್ಲ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಅಲ್ಲಿಂದ ಅಗತ್ಯ ಬಿದ್ದರೆ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ತಂದೆ ಬರಲು ಒಪ್ಪದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ‘ಅವನ ಬದಲು ನಾನೇ ಹೋಗಬೇಕಿತ್ತು’ ಎಂಬಂಥ ಮಾತು ತಂದೆಯ ಬಾಯಲ್ಲಿ ಬಂದಿದ್ದರೆ ಸೋಮವಾರಕ್ಕೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಈ ಕುಯ್ಲಿನಲ್ಲೇ ಮಾಡಬಹುದಾದದ್ದೂ ಇದೆ. ಸಾಹುಕಾರರ ಹತ್ತಿರ ಎರಡು ಬದಲಾವಣೆ ಕೇಳಿ, ಖರ್ಚಿನದ್ದಲ್ಲ. ತಕ್ಕಡಿಯನ್ನು ಬೇಲಿಯ ಕಡೆಯಿಂದ ಶೆಡ್ಡಿನೊಳಗೆ, ತಂದೆಯ ಬೆನ್ನು ಗೋಡೆಗೆ ಬರುವಂತೆ ಇಡಲಿ. ತೂಕ ಕೂಗಿದವರೇ ಅದನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ, ತಂದೆ ನೋಡಿ ಪುಸ್ತಕಕ್ಕಿಳಿಸಲಿ. ಹಿಡಿದುಕೊಳ್ಳುವ ಹೊರೆ ಬೋರ್ಡಿಗೆ ಹೋದರೆ ಅವರ ಕೈ ಕೂಡುವುದಕ್ಕೆ ಖಾಲಿಯಾಗುತ್ತದೆ. ಮುಂಗಡದ ಮಾತು ತೂಕ ಮುಗಿದ ಮೇಲೆ. ಆಸ್ಪತ್ರೆಗೆ ಬರುವಾಗ ಎಂಆರ್‌ಐ ಫಿಲ್ಮು ಮರೆತರೂ ಚಿಂತೆಯಿಲ್ಲ, ತೂಕದ ಪುಸ್ತಕ ತನ್ನಿ. ಘಟನೆಗೆ ಮೊದಲಿನ ಕುಯ್ಲಿನದ್ದು ಒಂದು, ಈಚಿನದ್ದು ಒಂದು. ಎಲ್ಲಿ ಹೊಡೆದುಹಾಕಿ ಮತ್ತೆ ಬರೆದಿದ್ದಾರೆ, ಯಾವ ಹೊತ್ತಿನಲ್ಲಿ, ಯಾವ ಬ್ಲಾಕಿನ ದಿನ ತಪ್ಪು ಹೆಚ್ಚು ಎಂದು ನಾವಿಬ್ಬರೂ ಕೂತು ನೋಡೋಣ, ತಂದೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು.